ಐದು ರೂಪಾಯಿಯ ನಿಶೆ

ಮೂವತ್ತೊಂದು ವರ್ಷ ನಾನು ಮಾರಿದ್ದು ನೀರು. ಒಮ್ಮೆ ಅದರೊಳಗೆ ಗ್ಯಾಸ್ ಇರುತ್ತಿತ್ತು, ಒಮ್ಮೆ ಕಿತ್ತಳೆ ಬಣ್ಣ, ಇನ್ನೊಮ್ಮೆ ಲಿಂಬೆಯ ವಾಸನೆ. ಬಾಟಲಿ ಬದಲಾಗುತ್ತಿತ್ತು, ಮುಚ್ಚಳ ಬದಲಾಗುತ್ತಿತ್ತು, ಬೆಲೆಯಂತೂ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ನೀರು ಮಾತ್ರ ಹೊಸಪೇಟೆಯ ನಮ್ಮ ಕಾರ್ಖಾನೆಯ ಹಿತ್ತಲ ಬಾವಿಯದೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಈಗ ಸೇಲ್ಸ್ ಕೆಲಸಕ್ಕೆ ಸೇರುವ ಹುಡುಗರು ಕೊರಳಿಗೆ ಟೈ ಬಿಗಿದುಕೊಂಡು ಬಂದು, "ಸರ್, ನಿಮ್ಮ ಅನುಭವ ಹೇಳ್ರಿ" ಎಂದು ಕೂರುತ್ತಾರೆ. ನಾನೇನೋ ಭಾರಿ ಸರಕು ಮಾರಿದವನೆಂಬ ಭಾವ ಅವರ ಮುಖದಲ್ಲಿ ಇರುತ್ತದೆ.

ಇತ್ತೀಚೆಗೆ ಅಂಥವನೊಬ್ಬ ಹಸಿರು ಡಬ್ಬಿಯೊಂದನ್ನು ತಂದು ನನ್ನ ಮುಂದಿಟ್ಟ. ಮದ್ಯವಿಲ್ಲದ ಬೀರಂತೆ. "ಹೊಸಾದು ಬಂದೈತ್ರಿ ಸರ್, ನಮ್ಮ ಕಡೆ ನಡಿತೈತೇನ್ರಿ?" ಎಂದು ಕೇಳಿದ. ನನಗೆ ನಗು ತಡೆಯಲಾಗಲಿಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕೂ ತಾಲೂಕಿನಲ್ಲಿ ಅವನು ಹುಟ್ಟುವ ಮೊದಲೇ ನಾನು ಅದನ್ನು ಮಾರಿದ್ದೆ, ಮಾರಿ ಬೈಸಿಕೊಂಡಿದ್ದೆ. ಅವನಿಗೆ ಅಂದು ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ನಾನು ಕೆಲಸಕ್ಕೆ ಸೇರಿದ್ದು ಎಪ್ಪತ್ತರ ದಶಕದ ಮೊದಲಲ್ಲಿ, ಹೊಸಪೇಟೆಯ ಒಂದು ಸೋಡಾ ಮತ್ತು ಶರಬತ್ತಿನ ಕಾರ್ಖಾನೆಗೆ. ಮಾಲೀಕರು ಸಂಗಪ್ಪ ಶೆಟ್ಟರು. ಎಲ್ಲರಿಗೂ ಅವರು ಬರೀ ಶೆಟ್ರು. ಅವರ ಬಳಿ ಮ್ಯಾನೇಜರ್ ಇರಲಿಲ್ಲ, ಟೈಪ್ ಮಾಡುವವರು ಇರಲಿಲ್ಲ, ತರಬೇತಿಯ ಹೆಸರೇ ಇರಲಿಲ್ಲ. ಮೊದಲ ದಿನ ನನ್ನನ್ನು ಟೆಂಪೋ ಹತ್ತಿಸುವ ಮುಂಚೆ ಹೇಳಿದ್ದು ಇಷ್ಟೇ: "ಅಂಗಡಿಯಾಂವ ಏನ್ ಹೇಳ್ತಾನ ಅಂತ ಕೇಳಬ್ಯಾಡ ವಿರೂಪಾಕ್ಷಿ. ಅವನ ಮೂಲ್ಯಾಗ ಖಾಲಿ ಬಾಟ್ಲಿ ಎಷ್ಟು ಅದಾವು ನೋಡು." ಇಂದಿನ ಕಂಪ್ಯೂಟರ್ ವರದಿಗಳೆಲ್ಲ ಸುತ್ತಿ ಬಳಸಿ ಕೊನೆಗೆ ಹೇಳುವುದು ಅದನ್ನೇ. ಅಂಗಡಿಯವರು ವ್ಯಾಪಾರವೇ ಇಲ್ಲವೆಂದು ಅಳುತ್ತಿದ್ದರು. ಅವರ ಬೆನ್ನ ಹಿಂದೆ ಖಾಲಿ ಬಾಟಲಿಗಳು ತೊಲೆಯವರೆಗೆ ಏರಿ ನಿಂತಿರುತ್ತಿದ್ದವು.

ನನ್ನ ಮೊದಲ ದೊಡ್ಡ ತಪ್ಪು ನಡೆದದ್ದು ಯಲಬುರ್ಗಾದಲ್ಲಿ. ಬೇಸಿಗೆಯ ನಡುಮಧ್ಯಾಹ್ನ ಸೋಡಾ ತುಂಬಿದ ಕ್ರೇಟುಗಳನ್ನು ಟೆಂಪೋದ ಮೇಲೆ ಹಾಗೇ ಬಿಟ್ಟು ಖಾನಾವಳಿಯಲ್ಲಿ ರೊಟ್ಟಿ ಮುರಿಯುತ್ತ ಕೂತಿದ್ದೆ. ತೋಯಿಸಿದ ಗೋಣಿತಾಟು ಹೊದಿಸಬೇಕೆಂಬುದು ನನಗೆ ಗೊತ್ತೇ ಇರಲಿಲ್ಲ. ಎರಡನೆಯ ರೊಟ್ಟಿಗೆ ಪುಂಡಿಪಲ್ಯ ಹಚ್ಚುವಷ್ಟರಲ್ಲಿ ಢಂ ಎಂದಿತು. ಆಮೇಲೆ ಒಂದರ ಹಿಂದೊಂದು. ಊರಿನವರು ಬಾಗಿಲು ಹಾಕಿಕೊಂಡರು, ಪೊಲೀಸರಿಬ್ಬರು ಲಾಠಿ ಹಿಡಿದು ಓಡಿಬಂದು ಟೆಂಪೋದಿಂದ ದೂರದಲ್ಲಿ ಬಾಗಿ ನಿಂತರು. ಅವರ ಟೋಪಿಯ ಮೇಲೆ ಸೋಡಾ ಸಿಡಿದ ಮೇಲೆಯೇ ಸಂಗತಿ ಬಯಲಾದದ್ದು. ಅಂದಿನಿಂದ ಯಲಬುರ್ಗಾದಲ್ಲಿ ನನ್ನ ಹೆಸರು ಬಾಂಬ್ ಸಾಹೇಬ್ರು. ವಿರೂಪಾಕ್ಷಪ್ಪ ಎಂದು ಕೇಳಿದರೆ ಅಲ್ಲಿ ಇವತ್ತಿಗೂ ಯಾರಿಗೂ ಗೊತ್ತಾಗುವುದಿಲ್ಲ. ಶೆಟ್ರು ಮಾತ್ರ, "ಬಿಸಲಾಗ ಇಟ್ರ ಒಡಿತೈತಿ ಅಂತ ನಿನಗ ಸೂರ್ಯನ ಬಂದು ಹೇಳಬೇಕಿತ್ತೇನು?" ಎಂದು ಬೈದು ಸುಮ್ಮನಾದರು.

ಆ ಕಾಲದಲ್ಲಿ ಬೆಲೆ ಬಾಟಲಿಯ ಮೇಲೆ ಇರುತ್ತಿರಲಿಲ್ಲ, ಅಂಗಡಿಯವನ ಬಾಯಲ್ಲಿ ಇರುತ್ತಿತ್ತು. ನಾವು ಕೊಡುವ ದರ ಒಂದೇ. ಗಿರಾಕಿ ಕೊಡುವ ದರ ನಿಂತಿದ್ದು ಬರ್ಫದ, ಅಂದರೆ ಮಂಜುಗಡ್ಡೆಯ ಮೇಲೆ. ನನ್ನ ದಾರಿಯಲ್ಲಿ ಬರ್ಫದ ಕಾರ್ಖಾನೆ ಇದ್ದದ್ದು ಗಂಗಾವತಿಯಲ್ಲಿ. ಅಲ್ಲಿಂದ ಹೊಟ್ಟಿನಲ್ಲಿ ಹೂತು, ಗೋಣಿಯಲ್ಲಿ ಸುತ್ತಿ ಬಸ್ಸಿನ ಮೇಲೆ ಹೇರಿದ ಗಡ್ಡೆ ಕುಷ್ಟಗಿ ಸೇರುವಷ್ಟರಲ್ಲಿ ಅರ್ಧ ಕರಗಿರುತ್ತಿತ್ತು. ಕರಗಿದ ಅರ್ಧದ ಬೆಲೆಯನ್ನೂ ಕುಡಿಯುವವನೇ ಕೊಡಬೇಕು. ಹಾಗಾಗಿ ಒಂದೇ ಶರಬತ್ತು ಗಂಗಾವತಿಯಿಂದ ದೂರ ಹೋದಂತೆ ನಾಲ್ಕಾಣೆ, ಎಂಟಾಣೆ ಏರುತ್ತ ಹೋಗುತ್ತಿತ್ತು. ಯಾರೂ ಜಗಳ ತೆಗೆಯುತ್ತಿರಲಿಲ್ಲ. ಬೆಲೆ ಏಕೆ ಏರಿತೆಂಬುದು ಕಣ್ಣೆದುರೇ ಕರಗುತ್ತಿತ್ತಲ್ಲ.

ಕುಷ್ಟಗಿಗೆ ಈ ಬರ್ಫ ತರುತ್ತಿದ್ದದ್ದು ಶರಣಪ್ಪ ಎಂಬ ಡ್ರೈವರ್ ಓಡಿಸುವ ಬಸ್ಸು. ಗಂಗಾವತಿಯಿಂದ ಕನಕಗಿರಿ, ತಾವರಗೇರಾ ಹಾದು ಕುಷ್ಟಗಿ, ಅದೇ ದಾರಿಯಲ್ಲಿ ವಾಪಸ್ಸು. ಕುಷ್ಟಗಿಯ ಬಸ್ ನಿಲ್ದಾಣದ ಬೇವಿನ ಗಿಡದ ಕೆಳಗೆ ಮೌಲಾಸಾಬ್ ಎಂಬವರ ತಂಪುಪಾನೀಯದ ಅಂಗಡಿ ಇತ್ತು. ಶರಣಪ್ಪ ಬರ್ಫ ಇಳಿಸಿ, ಅಲ್ಲೇ ಬೆಂಚಿನ ಮೇಲೆ ಐದು ನಿಮಿಷ ಕೂತು, ಮುಖ ತೊಳೆದುಕೊಂಡು ಹೊರಡುವುದು ವಾಡಿಕೆ. ಗಟ್ಟಿಮುಟ್ಟಾದ ಆಳು, ಹಣೆಗೆ ಮೂರು ಬೆರಳಿನ ವಿಭೂತಿ, ಮಾತು ಕಡಿಮೆ. ಅವನ ಬಸ್ಸು ಬಂದಾಗ ಜನ ಗಡಿಯಾರ ಸರಿಪಡಿಸಿಕೊಳ್ಳುತ್ತಿದ್ದರು.

ಈಗ ಬೀರಿನ ಮಾತಿಗೆ ಬರುತ್ತೇನೆ. ಎಂಬತ್ತರ ದಶಕ ಶುರುವಾದ ಹೊಸದರಲ್ಲಿ ಶೆಟ್ರು ಗುಜರಿಯವನೊಬ್ಬನಿಂದ ಎರಡು ಲಾರಿ ಹಳೆಯ ಬೀರಿನ ಬಾಟಲಿ ಕೊಂಡರು. ಕಂದು ಬಣ್ಣದ ದೊಡ್ಡ ಬಾಟಲಿ. ಬಹಳ ಅಗ್ಗಕ್ಕೆ ಸಿಕ್ಕವೆಂಬುದು ಬಿಟ್ಟರೆ ಕೊಳ್ಳಲು ಬೇರೆ ಕಾರಣ ಇರಲಿಲ್ಲ. ಮೊದಲು ಬಾಟಲಿ ಬಂತು, ಅದರೊಳಗೆ ಏನು ತುಂಬಬೇಕೆಂಬ ವಿಚಾರ ಆಮೇಲೆ ಬಂತು. ಯಾರೋ ಮುಂಬೈಯಲ್ಲಿ ಮದ್ಯವಿಲ್ಲದ ಬೀರು ನೋಡಿದ್ದಾಗಿ ಹೇಳಿದರು. ಶೆಟ್ರು ಬಾರ್ಲಿ ಕುದಿಸಿದರು, ಸಕ್ಕರೆ ಸುರಿದರು, ಕಹಿಗೆಂದು ಏನೋ ಒಂದು ಪುಡಿ ಹಾಕಿದರು, ಗ್ಯಾಸ್ ಹೊಡೆದರು. ಸುರಿದರೆ ನೊರೆ ಉಕ್ಕುತ್ತಿತ್ತು, ವಾಸನೆಯೂ ಹೆಚ್ಚುಕಡಿಮೆ ಹಾಗೇ ಇತ್ತು. ಲೇಬಲ್ಲಿನ ಮೇಲೆ ದೊಡ್ಡಕ್ಷರದಲ್ಲಿ ಬಾರ್ಲಿ ಬೀರ್ ಎಂದೂ, ಮದ್ಯ ಇಲ್ಲವೆಂಬುದನ್ನು ಇಂಗ್ಲಿಷಿನಲ್ಲಿ ಇರುವೆಯ ಸಾಲಿನಷ್ಟು ಸಣ್ಣದಾಗಿಯೂ ಅಚ್ಚು ಹಾಕಿಸಿದರು. ಬೆಲೆ ಎರಡು ರೂಪಾಯಿ. ಶರಬತ್ತಿಗಿಂತ ಸ್ವಲ್ಪ ಜಾಸ್ತಿ, ನಿಜವಾದ ಬೀರಿಗಿಂತ ಬಹಳ ಕಡಿಮೆ. ಮಧ್ಯದಲ್ಲಿ ನಿಂತರೆ ಎರಡೂ ಕಡೆಯ ಗಿರಾಕಿ ಬರುತ್ತಾರೆಂಬುದು ಅವರ ಎಣಿಕೆ.

ಎರಡೂ ಕಡೆಯವರು ಬಾಗಿಲು ಹಾಕಿದರು. ಕೊಪ್ಪಳದ ಕಿರಾಣಿ ಅಂಗಡಿಯ ಮಾಲೀಕರೊಬ್ಬರು ಬಾಟಲಿಯನ್ನು ಮುಟ್ಟಲೂ ಇಲ್ಲ. "ಇದನ್ನ ಇಲ್ಲಿಟ್ರ ಹೆಣ್ಮಕ್ಕಳು ಅಕ್ಕಿ ತಗೊಳ್ಳಾಕ ಬರಂಗಿಲ್ರಿ. ನಮ್ಮನಿಯಾಕಿ ನನ್ನ ಒಳಗ ಬಿಟ್ಕೊಳ್ಳಂಗಿಲ್ಲ" ಎಂದರು. ಗಂಗಾವತಿಯ ವೈನ್ ಶಾಪಿನವನು ಲೇಬಲ್ ಓದಿ ನಕ್ಕ. "ಎರಡು ರೂಪಾಯಿಗೆ ಯಾವ ನಿಶಾ ಬರ್ತೈತ್ರಿ? ಇದಕ್ಕಿಂತ ನಮ್ಮ ಸೋಡಾದಾಗ ಜಾಸ್ತಿ ಐತಿ." ಒಂದು ತಿಂಗಳು ಅದೇ ಕ್ರೇಟುಗಳನ್ನು ನಾಲ್ಕು ತಾಲೂಕು ಸುತ್ತಿಸಿ ತಂದೆ. ಇಟಗಿಯ ಗುಡಿ ನೋಡಲು ಬಂದ ಶಾಲೆಯ ಮೇಷ್ಟ್ರೊಬ್ಬರಿಗೆ ಒಂದು ಬಾಟಲಿ ಮಾರಿದೆ. ಅವರೂ ಮಕ್ಕಳ ಮುಖ ನೋಡಿ, ನಾಚಿಕೊಂಡು ವಾಪಸ್ಸು ಕೊಟ್ಟರು.

ದಾರಿ ತೋರಿಸಿದ್ದು ಗಂಗಾವತಿಯ ಸುಬ್ಬಾರಾವ್. ಕಾಲುವೆ ಬಂದಮೇಲೆ ಗದ್ದೆ ಮಾಡಲು ಕ್ಯಾಂಪಿಗೆ ಬಂದು ನೆಲೆಸಿದ ತೆಲುಗು ಮನೆತನದವನು. ರೈಸ್ ಮಿಲ್ಲುಗಳ ಸಾಲಿನಲ್ಲಿ ಅವನ ಊಟದ ಹೋಟೆಲು. ನನ್ನ ಮುಖ ನೋಡಿ ಕನಿಕರದಿಂದ ಎರಡು ಕ್ರೇಟ್ ಇಳಿಸಿಕೊಂಡ. ಮುಂದಿನ ವಾರ ಹೋದರೆ ಮೂಲೆಯಲ್ಲಿ ನಲವತ್ತೆಂಟೂ ಬಾಟಲಿ ಖಾಲಿ. ನನ್ನ ಕಣ್ಣನ್ನು ನಾನೇ ನಂಬಲಿಲ್ಲ.

"ಹೆಂಗ ಮಾರಿದ್ರಿ ಸುಬ್ಬಾರಾವ್?"

"ಏಮ್ ಲೇದು ಸಾರ್. ಬೆಲಿ ಐದು ರೂಪಾಯಿ ಮಾಡ್ದೆ. ಹಿಂದಿನ ಕೋಣ್ಯಾಗ ಪರದೆ ಕಟ್ಟಿದೆ. ಬಾಟ್ಲಿ ಪೇಪರಿನಾಗ ಸುತ್ತಿ ಕೊಟ್ಟೆ. ಅಂತೇ, ಅಷ್ಟೇ."

"ಬೀರು ಅಂತ ಹೇಳಿದ್ರೇನು?"

"ನಾನ್ ಯಾಕ್ ಹೇಳ್ಲಿ? ಪೇಪರ್ ಹೇಳ್ತದೆ. ಐದು ರೂಪಾಯಿ ಹೇಳ್ತದೆ."

ಶೆಟ್ರು ಈ ಸುದ್ದಿ ಕೇಳಿ ಕುರ್ಚಿಯಿಂದ ಎದ್ದು ಎರಡು ಸಲ ಕೋಣೆ ಸುತ್ತಿದರು. ಮರುದಿನವೇ ಎಲ್ಲ ಕಡೆ ಐದು ರೂಪಾಯಿ ಎಂದಾಯಿತು. ಆಮೇಲೆ ನಡೆದದ್ದನ್ನು ನನ್ನ ಕಣ್ಣಿಂದ ನೋಡದಿದ್ದರೆ ನಂಬುತ್ತಿರಲಿಲ್ಲ. ಎರಡು ರೂಪಾಯಿ ಇದ್ದಾಗ ಮುಖ ಸಿಂಡರಿಸಿ ಮುಟ್ಟದವರೇ ಐದು ರೂಪಾಯಿ ಕೊಟ್ಟು ಕುಡಿದು ತೂರಾಡತೊಡಗಿದರು. ಒಬ್ಬ ದಲ್ಲಾಳಿ ಒಂದೇ ಬಾಟಲಿಗೆ ಗೋಡೆ ಹಿಡಿದು ನಡೆದ. ಇನ್ನೊಬ್ಬ ಗುಮಾಸ್ತ ಪರದೆಯ ಹಿಂದೆ ಕೂತು ತೀರಿಹೋದ ತನ್ನ ಎತ್ತನ್ನು ನೆನೆದು ಅತ್ತ. ಅದೇ ಬಾವಿಯ ನೀರು, ಅದೇ ಬಾರ್ಲಿ. ಹೆಚ್ಚಾಗಿದ್ದು ಮೂರು ರೂಪಾಯಿ ಮಾತ್ರ.

ಇವರೆಲ್ಲರಲ್ಲಿ ಯಮನೂರಪ್ಪನನ್ನು ಮರೆಯುವಂತಿಲ್ಲ. ಒಂದು ಮಿಲ್ಲಿನಲ್ಲಿ ಹಮಾಲರ ಮುಕಾದಮ, ಅಂದರೆ ಚೀಲ ಹೊರುವವರ ಮುಖಂಡ. ಎದೆ ಬಾಗಿಲಿನಷ್ಟು ಅಗಲ, ಧ್ವನಿ ಮಾತ್ರ ಹೊಸ ಮದುಮಗಳದು. ಮಿಲ್ ಮಾಲೀಕರ ಮುಂದೆ ತಲೆ ಎತ್ತಿದವನಲ್ಲ. ಒಂದು ಮಧ್ಯಾಹ್ನ ಸುಬ್ಬಾರಾವನ ಹತ್ತಿರ ಎರಡು ಬಾಟಲಿ ಬಾರ್ಲಿ ಏರಿಸಿ ನೇರ ಮಿಲ್ಲಿಗೆ ಹೋಗಿ, ಮಾಲೀಕರ ಮೇಜು ಗುದ್ದಿ, ಬಿಸಿಲಲ್ಲಿ ಉಣ್ಣುವ ಹಮಾಲರಿಗೆ ತಗಡಿನ ನೆರಳು ಹಾಕಿಸದಿದ್ದರೆ ನಾಳೆ ಒಂದು ಚೀಲವೂ ಏಳುವುದಿಲ್ಲ ಎಂದನಂತೆ. ಮಾಲೀಕರು ದಂಗಾಗಿ ಒಪ್ಪಿಕೊಂಡರು. ಯಮನೂರಪ್ಪ ಮನೆಗೆ ಹೋಗಿ, ಕುಡಿದು ಎಂಥಾ ಕೆಲಸ ಮಾಡಿದೆನಪ್ಪಾ ಎಂದು ಎರಡು ದಿನ ಹಾಸಿಗೆ ಬಿಟ್ಟು ಏಳಲಿಲ್ಲ.

ಆ ವರ್ಷ ನನಗೆ ಬಡ್ತಿಯೂ ಸಿಕ್ಕಿತು. ಅದರ ಬಗ್ಗೆ ಬರೆಯುವಂಥದ್ದೇನಿಲ್ಲ, ಬಟ್ಟೆಯ ಚೀಲ ಹೋಗಿ ಚರ್ಮದ ಚೀಲ ಬಂತು. ಬರೆಯಬೇಕಾದದ್ದು ನಾನು ಕಲಿತ ಒಂದು ಕೆಟ್ಟ ಚಾಳಿಯ ಬಗ್ಗೆ. ಇದರಾಗ ಏನೈತ್ರಿ ಎಂದು ಗಿರಾಕಿ ಕೇಳಿದರೆ, "ಛಲೋ ಮಾಲ್ ಐತ್ರಿ" ಎನ್ನುತ್ತಿದ್ದೆ. ಏರತೈತೇನ್ರಿ ಎಂದರೆ, "ಕುಡಿಯೋರ ಮ್ಯಾಲ ಐತ್ರಿ" ಎನ್ನುತ್ತಿದ್ದೆ. ಸುಳ್ಳು ಹೇಳಲಿಲ್ಲವಲ್ಲ ಎಂದು ನನಗೆ ನಾನೇ ಶಾಭಾಸ್ ಕೊಟ್ಟುಕೊಳ್ಳುತ್ತಿದ್ದೆ. ಹೊಸ ಹುಡುಗರೇ, ಈ ಸಾಲನ್ನು ಎರಡು ಸಲ ಓದಿ. ಮಾರುವವನು ತನಗೆ ತಾನೇ ಶಾಭಾಸ್ ಎಂದುಕೊಂಡ ದಿನ ಎಲ್ಲೋ ಒಂದು ಕಡೆ ಇನ್ನೊಬ್ಬನ ಬುಡಕ್ಕೆ ಬೆಂಕಿ ಬಿದ್ದಿರುತ್ತದೆ.

ನಾನು ನಿಜ ಹೇಳಿದ್ದು ಒಬ್ಬನೇ ಒಬ್ಬನಿಗೆ. ಅವನು ಶರಣಪ್ಪ. ಒಂದು ದಿನ ಮೌಲಾಸಾಬರ ಬೆಂಚಿನ ಮೇಲೆ ಮುಖ ಕಿವುಚಿಕೊಂಡು ಕೂತಿದ್ದ. ಹಗಲಿಡೀ ಇಂಜಿನ್ನಿನ ಕಾವಿನ ಪಕ್ಕ ಕೂತು ಮೈಗೆ ಉಷ್ಣ ಹೊಡೆದು ಉರಿಮೂತ್ರ ಶುರುವಾಗಿತ್ತು. ಡಾಕ್ಟರು ದಿನವೂ ಬಾರ್ಲಿ ನೀರು ಕುಡಿ ಎಂದಿದ್ದರು. "ಬಸ್ಸಿನಾಗ ಯಾರು ಕುದಿಸಿ ಕೊಡ್ತಾರ್ರಿ ಸಾಹೇಬ್ರ?" ಎಂದ. ನಾನು ಪಕ್ಕಕ್ಕೆ ಕರೆದು ಮೆಲ್ಲಗೆ, "ಈ ಬಾಟ್ಲಿಯಾಗ ಇರೋದು ಅದ ಐತ್ರಿ ಶರಣಪ್ಪ. ಬರೀ ಬಾರ್ಲಿ, ಸಕ್ರಿ. ಧೈರ್ಯದಿಂದ ಕುಡೀರಿ" ಎಂದೆ. ಮೌಲಾಸಾಬರಿಗೆ ಹೇಳಿ ಅವನಿಗೆ ನಮ್ಮ ದರಕ್ಕೇ ಕೊಡಿಸಿದೆ. ವಾರದಲ್ಲಿ ಉರಿ ಇಳಿಯಿತು. ಅಂದಿನಿಂದ ಕುಷ್ಟಗಿಯಲ್ಲಿ ದಿನಕ್ಕೊಂದು ಬಾಟಲಿ ಅವನ ಔಷಧವಾಯಿತು. ಮುಚ್ಚುಮರೆಯಿಲ್ಲದೆ, ಬೇವಿನ ಗಿಡದ ಕೆಳಗೆ ನಿಂತೇ ಕುಡಿಯುತ್ತಿದ್ದ. ಅದರಲ್ಲಿ ಏನೂ ಇಲ್ಲವೆಂದು ಗೊತ್ತಿದ್ದವನು ಯಾಕೆ ಅಡಗಬೇಕು?

ಆ ಬೇಸಿಗೆಯ ಒಂದು ಮಧ್ಯಾಹ್ನ ನಾನು ಮೌಲಾಸಾಬರ ಅಂಗಡಿಯ ಒಳಗೆ ಕ್ರೇಟ್ ಲೆಕ್ಕ ಮಾಡುತ್ತಿದ್ದೆ. ಹೊರಗೆ ಗಲಾಟೆ ಎದ್ದಿತು. ಗಂಗಾವತಿಗೆ ಹೊರಟ ಬಸ್ಸಿನಿಂದ ಜನ ಗಂಟುಮೂಟೆ, ಕೋಳಿ, ಕೂಸುಗಳ ಸಮೇತ ಇಳಿಯುತ್ತಿದ್ದರು. ಬಸ್ಸಿನ ಬಾಗಿಲಲ್ಲಿ ನಿಂತು ಇಳಿಸುತ್ತಿದ್ದವನು ಬೇರೆ ಯಾರೂ ಅಲ್ಲ, ಯಮನೂರಪ್ಪ. ಮಗಳಿಗೆ ವರ ನೋಡಲು ಕುಷ್ಟಗಿಗೆ ಬಂದು ಮರಳುತ್ತಿದ್ದವನು ಕಿಟಕಿಯಿಂದ ಶರಣಪ್ಪ ಬಾಟಲಿ ಎತ್ತಿದ್ದನ್ನು ನೋಡಿಬಿಟ್ಟಿದ್ದ.

"ಇಳೀರಿ, ಎಲ್ಲಾರೂ ಇಳೀರಿ" ಎನ್ನುತ್ತಿದ್ದ. "ಡ್ರೈವರ್ ಬಾರ್ಲಿ ಕುಡದಾನ. ಅದು ಎಂಥಾದ್ದು ಅಂತ ನನಗ ಗೊತ್ತೈತಿ. ಎರಡು ಬಾಟ್ಲಿ ಕುಡದು ನಾನು ಎರಡು ದಿನ ಎದ್ದಿಲ್ಲ."

ಶರಣಪ್ಪ ಖಾಲಿ ಬಾಟಲಿ ಹಿಡಿದು ನಿಂತಲ್ಲೇ ನಿಂತಿದ್ದ. ನಿಲ್ದಾಣದ ಕಂಟ್ರೋಲರ್ ಸಾಹೇಬರು ಓಡಿಬಂದು ಅವನ ಬಾಯಿ ಮೂಸಿದರು. ನೊರೆಯ ವಾಸನೆ ಬಂದೇ ಬಂತು. "ವಾಸನಿ ಬರಾಕತ್ತೈತಲ್ಲೋ ಶರಣಪ್ಪ" ಎಂದು ಸಂಕಟದಿಂದಲೇ ಹೇಳಿ, ಡಿಪೋಕ್ಕೆ ಕಳಿಸುವ ರಿಪೋರ್ಟಿನ ಪುಸ್ತಕ ತೆಗೆದರು. ಡ್ಯೂಟಿಯ ಮೇಲೆ ಕುಡಿದ ಡ್ರೈವರನಿಗೆ ಆ ಕಾಗದ ಹೋದರೆ ಮುಂದೆ ಸ್ಟೇರಿಂಗ್ ಇಲ್ಲ. ಹದಿನೆಂಟು ವರ್ಷ ಒಂದು ಕೋಳಿಯನ್ನೂ ಬಡಿಯದೆ ಬಸ್ಸು ಓಡಿಸಿದವನು ಅವನು. ಆದರೆ ಅವನ ಮುಖ ನೋಡಿದರೆ ಕೆಲಸದ ಚಿಂತೆಗಿಂತ ಹೆಚ್ಚಿನದು ಬೇರೆಯೇ ಇತ್ತು. ದಿನವೂ ಶರಣಪ್ಪಣ್ಣ ಎಂದು ಕೂಗುತ್ತಿದ್ದ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ಹಿಂದೆ ಸರಿಯುತ್ತಿದ್ದರು.

ಅವನು ನನ್ನನ್ನು ನೋಡಿದ. "ನೀವ ಹೇಳ್ರಿ ಸಾಹೇಬ್ರ. ನನಗ ಇದನ್ನ ಕೊಟ್ಟವರು ನೀವ."

ಎಲ್ಲರೂ ನನ್ನ ಕಡೆ ತಿರುಗಿದರು. ನಾಚಿಕೆಯಿಲ್ಲದೆ ಬರೆಯುತ್ತೇನೆ, ಆ ಗಳಿಗೆಯಲ್ಲಿ ನನಗೆ ಮೊದಲು ಕಂಡದ್ದು ಶರಣಪ್ಪನ ಮುಖ ಅಲ್ಲ, ಶೆಟ್ರ ಮುಖ. ಆ ಗುಂಪಿನಲ್ಲಿ ಗಂಗಾವತಿಗೆ ಹೋಗುವ ಜನ ಇದ್ದರು, ನನ್ನ ಗಿರಾಕಿಗಳೇ ಹತ್ತಿಪ್ಪತ್ತು ಮಂದಿ. ಇದು ಬರೀ ಬಾರ್ಲಿ ಎಂದರೆ ಸಂಜೆಯೊಳಗೆ ಸುಬ್ಬಾರಾವನ ಪರದೆ ಇಳಿಯುತ್ತಿತ್ತು. ಬಾಯಿಗೆ ಹಳೆಯ ಚಾಳಿಯೇ ಬಂತು. "ಅದು ಆರೋಗ್ಯಕ್ಕ ಛಲೋ ಐತ್ರಿ" ಎಂದೆ.

ಗುಂಪಿನಲ್ಲಿ ಯಾರೋ ಗೊಳ್ಳೆಂದು ನಕ್ಕರು. "ಕುಡಿಯೋರೆಲ್ಲಾ ಹಂಗ ಅಂತಾರ." ಕಂಟ್ರೋಲರ್ ಸಾಹೇಬರು ಪೆನ್ನಿನ ಟೋಪಿ ತೆಗೆದು ಶರಣಪ್ಪನ ಹೆಸರು ಬರೆಯತೊಡಗಿದರು. ಶರಣಪ್ಪ ನನ್ನಿಂದ ಮುಖ ತಿರುಗಿಸಿದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ಕಿಸೆಯಿಂದ ಬಸ್ಸಿನ ಚಾವಿ ತೆಗೆದು ಅವರ ಮುಂದೆ ಇಟ್ಟ. ನಾನು ಹೋಗಿ ರಿಪೋರ್ಟಿನ ಪುಸ್ತಕದ ಮೇಲೆ ಕೈ ಇಟ್ಟೆ.

"ನಿಲ್ಲಸ್ರಿ ಸಾಹೇಬ್ರ, ಬರೀಬ್ಯಾಡ್ರಿ" ಎಂದೆ. "ಇದರಾಗ ಏನೂ ಇಲ್ಲ. ಬಾರ್ಲಿ, ಸಕ್ರಿ, ಗ್ಯಾಸ್. ಹೊಸಪೇಟಿ ಬಾವಿ ನೀರು. ನಾನ ಮಾರಾಂವ ಹೇಳಾಕತ್ತೀನಿ."

ನಿಜ ಹೇಳಿದ ಕೂಡಲೇ ಜನ ನಂಬುತ್ತಾರೆಂದು ನಾನು ಅಂದುಕೊಂಡಿದ್ದೆ. ಒಬ್ಬರೂ ನಂಬಲಿಲ್ಲ. ಯಮನೂರಪ್ಪ ಮುಂದೆ ಬಂದು, "ಹಂಗಾದ್ರ ಐದು ರೂಪಾಯಿ ಯಾಕ ತಗೊಂಡ್ರಿ?" ಎಂದು ಕೇಳಿದ.

ಮೂವತ್ತೊಂದು ವರ್ಷದಲ್ಲಿ ಅಷ್ಟು ಕಷ್ಟದ ಪ್ರಶ್ನೆಯನ್ನು ಯಾರೂ ನನಗೆ ಕೇಳಿಲ್ಲ. "ಎರಡು ರೂಪಾಯಿಗೆ ಇಟ್ಟಿದ್ವಿ. ಯಾರೂ ಕುಡೀಲಿಲ್ಲ" ಎಂದೆ. "ಐದು ಮಾಡಿದ ಮ್ಯಾಲ ನಿಮಗ ಏರಾಕ ಹತ್ತಿತು. ಏರಂಗಿಲ್ಲ ಅಂತ ನಾವು ಹೇಳ್ಲಿಲ್ಲ. ತಪ್ಪು ನಮ್ದು."

ಯಮನೂರಪ್ಪ ಇನ್ನೂ ಒಪ್ಪಲಿಲ್ಲ. ಕಂಟ್ರೋಲರ್ ಸಾಹೇಬರೂ ಪೆನ್ನು ಹಿಡಿದು ಅಲ್ಲಾಡದೆ ನಿಂತರು. ಆಗ ಗುಂಪು ಸೀಳಿಕೊಂಡು ಒಬ್ಬ ಅಜ್ಜಿ ಬಂದಳು. ಬಗಲಲ್ಲಿ ಬುಟ್ಟಿ, ಬುಟ್ಟಿಯಲ್ಲಿ ಕೂಸಿಗೆ ಹೊದಿಸಲೆಂದು ಅರ್ಧ ಹೊಲಿದ ಕೌದಿ. ಅವಳ ಮಗಳು ತಾವರಗೇರಾದಲ್ಲಿ ತುಂಬಿದ ಬಸುರಿ, ಇಂದೋ ನಾಳೆಯೋ ಹೆರಿಗೆ.

"ನಿಮ್ಮ ಜಗಳಾ ಮುಗಿಯೋದ್ರಾಗ ನನ್ನ ಮಗಳು ಹಡದು ಎದ್ದು ಕೂಡ್ತಾಳ" ಎಂದಳು. "ಇಲ್ಲೆ ಕೊಡು ಅದನ್ನ."

ಮೌಲಾಸಾಬರು ತಣ್ಣಗಿನ ಬಾಟಲಿಯೊಂದನ್ನು ತೆರೆದು ಕೊಟ್ಟರು. ಅಜ್ಜಿ ಮೂಗು ಮುಚ್ಚಿಕೊಂಡು ಒಂದೇ ಉಸಿರಿಗೆ ಮುಗಿಸಿ, ಸೆರಗಿನಿಂದ ಬಾಯಿ ಒರೆಸಿಕೊಂಡು, ಯಮನೂರಪ್ಪನ ಕಡೆ ತಿರುಗಿದಳು. "ಎಷ್ಟೊತ್ತಿಗೆ ಏರತೈತಿದು?"

"ಅರ್ಧ ತಾಸು ಬೇಕಬೇ" ಎಂದ ಅವನು, ಗೌರವದಿಂದ.

"ಹಂಗಾದ್ರ ಕುಂದ್ರು" ಎಂದು ಅವಳು ಬೇವಿನ ನೆರಳಲ್ಲಿ ಕಾಲು ಚಾಚಿ ಕೂತು ಕೌದಿ ಬಿಚ್ಚಿದಳು. ಇಡೀ ಬಸ್ಸಿನ ಜನ ಸುತ್ತ ಕೂತರು. ಅರ್ಧ ತಾಸು ಅವಳು ಹೊಲಿದಳು, ನಾವು ನೋಡಿದೆವು. ಅಷ್ಟು ಜನರ ಕಣ್ಣು ಒಂದು ಸೂಜಿಯ ಮೇಲೆ ನೆಟ್ಟಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ನಡುವೆ ದಾರ ಮುಗಿದಾಗ ಎಲ್ಲರೂ ಉಸಿರು ಹಿಡಿದರು. ಅಜ್ಜಿ ದಾರದ ತುದಿ ನಾಲಿಗೆಗೆ ಹಚ್ಚಿ ಒಂದೇ ಸಲಕ್ಕೆ ಸೂಜಿಯ ಕಣ್ಣಿಗೆ ತೂರಿಸಿದಳು. ಶರಣಪ್ಪ ಮಾತ್ರ ಇತ್ತ ನೋಡಲೇ ಇಲ್ಲ, ಬಸ್ಸಿನ ಬಾನೆಟ್ಟಿಗೆ ಕೈ ಊರಿ ಬೆನ್ನು ಮಾಡಿ ನಿಂತಿದ್ದ.

ಅರ್ಧ ತಾಸು ಕಳೆಯಿತು. ಅಜ್ಜಿ ಕೌದಿಯನ್ನು ಕಂಟ್ರೋಲರ್ ಸಾಹೇಬರ ಮುಂದೆ ಹರಡಿದಳು. "ನೋಡ್ರಿ ಯಪ್ಪಾ, ಕುಡಿಯೋಕಿಂತ ಮೊದ್ಲಿನ ಹೊಲಿಗಿ ಇದು. ಕುಡದ ಮ್ಯಾಲಿಂದು ಇದು. ಎಲ್ಲೆರ ಸೊಟ್ಟ ಆಗೇತೇನು?" ಸಾಹೇಬರು ಕನ್ನಡಕ ಏರಿಸಿ ಸರ್ಕಾರಿ ಕಾಗದ ಪರೀಕ್ಷಿಸುವಂತೆ ಹೊಲಿಗೆಯ ಮೇಲೆ ಬೆರಳೆಳೆದರು. ಸಾಲು ನೇಗಿಲ ಗೆರೆಯಂತೆ ನೆಟ್ಟಗಿತ್ತು. "ನಮ್ಮನ್ಯಾಗ ಮೂತ್ರ ಕಟ್ಟಿದವರಿಗೆ ಕುಡಸ್ತೀವಲ್ಲ, ಆ ಗಂಜಿ ನೀರು ಇದು. ಸಕ್ರಿ ಹಾಕ್ಯಾರ, ಗುಳುಗುಳು ಮಾಡ್ಯಾರ. ನಡಿಯಪ್ಪ ಡ್ರೈವರ, ಗಾಡಿ ತಗಿ" ಎಂದು ಬುಟ್ಟಿ ಎತ್ತಿಕೊಂಡು ತಾನೇ ಮೊದಲು ಬಸ್ಸು ಹತ್ತಿದಳು. ಕಿಟಕಿಯಿಂದ ಕೈ ಹಾಕಿ ಮಗಳಿಗೆಂದು ಇನ್ನೆರಡು ಬಾಟಲಿಯನ್ನೂ ಇಸಿದುಕೊಂಡಳು. ಸಾಹೇಬರು ರಿಪೋರ್ಟಿನ ಹಾಳೆ ಹರಿದು ಕಿಸೆಗೆ ಹಾಕಿ, ಚಾವಿಯನ್ನು ಶರಣಪ್ಪನ ಕೈಗೆ ಕೊಟ್ಟರು. ಜನ ಒಬ್ಬೊಬ್ಬರಾಗಿ ಹತ್ತಿದರು. ಶರಣಪ್ಪ ಹತ್ತಿ ಕೂತು ಗೇರು ಹಾಕಿದ.

ಮರುದಿನ ಶೆಟ್ರ ಮುಂದೆ ನಿಂತು ನಡೆದದ್ದನ್ನೆಲ್ಲ ಹೇಳಿದೆ. "ಖರೆ ಹೇಳಾಕ ನಿನಗ ಪಗಾರ ಕೊಡ್ತೀನೇನು?" ಎಂದು ಕೂಗಾಡಿದರು. ಗಂಗಾವತಿಯಲ್ಲಿ ಆಗಲೇ ಸುದ್ದಿ ಹಬ್ಬಿತ್ತು. ಕುಡಿದು ತೂರಾಡಿದ ದಲ್ಲಾಳಿಗಳು ಒಬ್ಬರನ್ನೊಬ್ಬರು ನೋಡಿ ತಲೆ ತಗ್ಗಿಸಿ ಓಡಾಡುತ್ತಿದ್ದರು, ಸುಬ್ಬಾರಾವ್ ಪರದೆ ಬಿಚ್ಚಿ ಒಗೆಯಲು ಹಾಕಿದ್ದ. ಶೆಟ್ರು ಬೈದು ಬೈದು ದಣಿದ ಮೇಲೆ, "ಆ ಮುದುಕಿ ಎರಡು ಬಾಟ್ಲಿ ಒಯ್ದಳು ಅಂದ್ಯಲ್ಲ, ರೊಕ್ಕ ಕೊಟ್ಲೇನು?" ಎಂದರು. ಕೊಟ್ಟಳು ಎಂದೆ. "ಅಂದ್ರ ಇದು ಆಕಿಯಂಥವರ ಮಾಲು. ನಾವು ಬ್ಯಾರೆಯವರಿಗೆ ಮಾರಾಕತ್ತಿದ್ವಿ." ವಾರದೊಳಗೆ ಹೊಸ ಲೇಬಲ್ ಬಂತು. ಬೀರ್ ಎಂಬ ಅಕ್ಷರ ಹೋಗಿತ್ತು. ದಪ್ಪ ಕನ್ನಡದಲ್ಲಿ ಬಾರ್ಲಿ ನೀರು, ಅದರ ಕೆಳಗೆ ಅಷ್ಟೇ ದಪ್ಪಗೆ ಇದರಲ್ಲಿ ನಿಶೆ ಇಲ್ಲ, ಬೆಲೆ ಎರಡು ರೂಪಾಯಿ. ಬೆಲೆ ಬಾಟಲಿಯ ಮೇಲೆಯೇ ಅಚ್ಚಾದದ್ದು ನಮ್ಮಲ್ಲಿ ಅದೇ ಮೊದಲು. ಕಿರಾಣಿ ಅಂಗಡಿಯವರೂ, ಔಷಧದ ಅಂಗಡಿಯವರೂ ಇಟ್ಟುಕೊಂಡರು. ಗಂಗಾವತಿಯ ಭರಾಟೆ ಮತ್ತೆ ಬರಲಿಲ್ಲ, ಆದರೂ ವರ್ಷಗಟ್ಟಲೆ ಸದ್ದಿಲ್ಲದೆ ಖರ್ಚಾಯಿತು.

ಯಮನೂರಪ್ಪ ಒಂದು ದಿನ ಮಿಲ್ಲಿನ ಗೇಟಿನಲ್ಲಿ ನನ್ನನ್ನು ತಡೆದ. ಹೊಡೆಯುತ್ತಾನೇನೋ ಎಂದು ಹೆದರಿದೆ. ಅವನು ಸುತ್ತ ಯಾರಿಲ್ಲವೆಂದು ನೋಡಿಕೊಂಡು, "ಸಾಹೇಬ್ರ, ಅದರಾಗ ಏನೂ ಇಲ್ಲ ಅಂದ್ರ, ಅವತ್ತು ಮಾಲಕರ ಮುಂದ ಮಾತಾಡಿದಾಂವ ಯಾರು?" ಎಂದು ಕೇಳಿದ. ನೀನೇ ಎಂದೆ. ಅವನು ಬಹಳ ಹೊತ್ತು ಆ ಹೊಸ ತಗಡಿನ ನೆರಳನ್ನೇ ನೋಡುತ್ತ ನಿಂತ. ಆಮೇಲೆ ಅವನು ಕುಡಿಯದೆಯೇ ಮೇಜು ಗುದ್ದುತ್ತಿದ್ದನೆಂದು ಕೇಳಿದ್ದೇನೆ.

ಉಳಿದದ್ದು ಶರಣಪ್ಪ. ಹೊಸ ಲೇಬಲ್ಲಿನ ಮೊದಲ ಕ್ರೇಟ್ ಹೊತ್ತು ಕುಷ್ಟಗಿಗೆ ಹೋದ ದಿನ ಬೆಂಚಿನ ಪಕ್ಕ ಬಸ್ಸಿಗಾಗಿ ಕಾದು ನಿಂತೆ. ಬಸ್ಸು ಬಂತು, ಬರ್ಫ ಇಳಿಯಿತು, ಅವನು ಬೆಂಚಿಗೆ ಬಂದು ಕೂತ. ಆ ಗಲಾಟೆಯಾದಾಗಿನಿಂದ ಅವನು ಬಾಟಲಿ ಮುಟ್ಟಿರಲಿಲ್ಲವಂತೆ, ಉರಿ ಮತ್ತೆ ಶುರುವಾಗಿದೆಯೆಂದು ಮೌಲಾಸಾಬರು ಪಿಸುಗುಟ್ಟಿದರು. ನಾನು ಹೊಸ ಬಾಟಲಿಯೊಂದನ್ನು ಅವನ ಕೈಗಿಟ್ಟು ತಪ್ಪಾಯಿತು ಎಂದೆ. ಅವನು ಲೇಬಲ್ಲನ್ನು ಅಕ್ಷರ ಅಕ್ಷರ ಓದಿದ.

"ನೀವು ನನಗ ಸುಳ್ಳು ಹೇಳಿಲ್ರಿ ಸಾಹೇಬ್ರ" ಎಂದ. "ನನಗೊಬ್ಬಗ ಖರೆ ಹೇಳಿದ್ರಿ. ಅದ ನನಗ ಮುಳುವಾತು. ಎಲ್ಲಾರಿಗೂ ಹೇಳಿದ್ರ ನನಗ ಆ ದಿನ ಬರ್ತಿರಲಿಲ್ಲ."

ಅವನು ಎದ್ದು ಎರಡು ರೂಪಾಯಿ ಮೌಲಾಸಾಬರ ಗಲ್ಲಾದ ಮೇಲಿಟ್ಟು, ಬಾಟಲಿ ತೆರೆಸಿಕೊಂಡು ನೆರಳು ಬಿಟ್ಟು ಬಿಸಿಲಿಗೆ ನಡೆದ. ಜನ ತುಂಬಿ ಕೂತ ಬಸ್ಸಿನ ಮುಂದೆ, ಎಲ್ಲ ಕಿಟಕಿಗಳಿಗೂ ಕಾಣುವಂತೆ ನಿಂತು, ಬಾಟಲಿ ಎತ್ತಿ ಕೊನೆಯ ಹನಿಯವರೆಗೂ ಕುಡಿದ. ಬಾಯಿ ಒರೆಸಿಕೊಂಡು ಒಂದು ಗಳಿಗೆ ಹಾಗೇ ಕಾದ. ಬಸ್ಸಿನಿಂದ ಯಾರೂ ಇಳಿಯಲಿಲ್ಲ.